ನೆಡ್ರಾ ಓಡಿಸಿದರೆ ಹದಿಮೂರು

ನಮ್ಮೂರಿನ ಗಂಡಸರು ವಯಸ್ಸನ್ನು ಮುಚ್ಚಿಡುತ್ತಾರೆ, ಮಂಡಿನೋವನ್ನು ಮುಚ್ಚಿಡುತ್ತಾರೆ, ಪಿಕಪ್ಪಿನ ಮೈಲೇಜನ್ನು ಮಾತ್ರ ಕೇಳದಿದ್ದರೂ ಹೇಳುತ್ತಾರೆ. ವಯೋಮಿಂಗ್‌ನ ಈ ಬಯಲಿನಲ್ಲಿ ಮರಗಳಿಗಿಂತ ಪಿಕಪ್ಪುಗಳೇ ಹೆಚ್ಚು. ನಾನು ಅಡುಗೆ ಮಾಡಿ ಬಡಿಸುವ ಹೋಟೆಲಿನ ಮುಂದೆ ಶನಿವಾರ ಬೆಳಿಗ್ಗೆ ಅವು ಬಾಗಿಲಿಗೆ ಮೂತಿ ಹಚ್ಚಿ ಸಾಲಾಗಿ ನಿಂತಿರುತ್ತವೆ. ಒಡೆಯರು ಒಳಗೆ ನಾನು ಬಡಿಸುವ ಕಟ್ಟೆಯ ಮುಂದೆ ಅದೇ ಸಾಲಿನಲ್ಲಿ ಕೂತಿರುತ್ತಾರೆ. ಮೊದಲ ಸುತ್ತಿನ ಕಾಫಿ ಮುಗಿದ ಮೇಲೆ ಅಂಚೆಕಚೇರಿಯಿಂದ ನಿವೃತ್ತನಾದ ಓರಿನ್ ಎದ್ದು ಹೊರಗೆ ಹೋಗುತ್ತಾನೆ. ಇಲ್ಲಿ ಯಾರೂ ಗಾಡಿಗೆ ಬೀಗ ಹಾಕುವುದಿಲ್ಲ, ಕೀಲಿಯೂ ಒಳಗೇ ಇರುತ್ತದೆ. ಒಂದೊಂದರ ಕೀಲಿ ತಿರುಗಿಸಿ, ಗ್ಯಾಲನ್ನಿಗೆ ಸರಾಸರಿ ಎಷ್ಟು ಮೈಲಿ ಓಡಿದೆ ಎಂದು ಸ್ಟಿಯರಿಂಗಿನ ಹಿಂದಿನ ಪರದೆ ತೋರಿಸುವ ಅಂಕಿಯನ್ನು ಓದಿಕೊಂಡು ಬರುತ್ತಾನೆ. ಎಲ್ಲರಿಗಿಂತ ಕಡಿಮೆ ಬಂದವನು ಎಲ್ಲರ ಕಾಫಿಗೂ ಕೊಡಬೇಕು. ನಾನು ಇಲ್ಲಿ ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇದು ನಡೆದುಬಂದಿದೆ.

ಆ ಅಂಕಿಯನ್ನು ಒಂದು ಗುಂಡಿ ಒತ್ತಿ ಸೊನ್ನೆಗೆ ಇಳಿಸಬಹುದು. ಇಳಿಸಿದಲ್ಲಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಊರಿನ ಪಶ್ಚಿಮಕ್ಕೆ ಒಂದು ಉದ್ದನೆಯ ದಿಬ್ಬವಿದೆ. ಗಾಳಿ ನಮ್ಮಲ್ಲಿ ಯಾವಾಗಲೂ ಪಶ್ಚಿಮದಿಂದಲೇ ಬೀಸುತ್ತದೆ. ಶನಿವಾರ ಬೆಳಿಗ್ಗೆ ಗಂಡಸರು ಏನಾದರೊಂದು ನೆಪದಲ್ಲಿ ದಿಬ್ಬದ ಮೇಲಕ್ಕೆ ಹೋಗಿ, ಅಲ್ಲಿ ಗುಂಡಿ ಒತ್ತಿ, ಬೆನ್ನಿಗೆ ಗಾಳಿ ಹೊತ್ತುಕೊಂಡು ಇಳಿಜಾರಿನಲ್ಲಿ ಊರಿಗೆ ಜಾರಿ ಬರುತ್ತಾರೆ. ಎಲ್ಲರೂ ಮಾಡುತ್ತಾರೆ, ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇಷ್ಟಾದರೆ ನಗುವ ಮಾತು. ಆದರೆ ವರ್ಷಗಟ್ಟಲೆ ಅದೇ ಅಂಕಿಯನ್ನು ಗಟ್ಟಿಯಾಗಿ ಹೇಳಿದವನು ಒಂದು ದಿನ ಅದನ್ನು ನಂಬುತ್ತಾನೆ. ಲೈಲ್ ನಂಬಿದ್ದ.

ಲೈಲ್‌ನ ಹೆಂಡತಿ ನೆಡ್ರಾ. ನಾನು ಹೇಳಬೇಕೆಂದಿರುವುದು ಅವಳ ವಿಷಯ.

ನೆಡ್ರಾ ಮೊದಲ ಸಲ ಹುಲ್ಲಿನ ಲಾರಿಯ ಸ್ಟಿಯರಿಂಗ್ ಹಿಡಿದಾಗ ಅವಳ ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಅವಳಪ್ಪ ಅವಳ ಬೂಟಿಗೆ ಮರದ ತುಂಡು ಕಟ್ಟಿದ್ದನಂತೆ. ಮದುವೆಯಾದ ಮೇಲೆ ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದಳು. ನನ್ನ ಇಬ್ಬರು ಮಕ್ಕಳೂ ಅವಳ ಬಸ್ಸಿನಲ್ಲೇ ಹೋಗಿಬಂದವರು. ಹಿಮ ಬಿದ್ದ ದಿನ ಬೇರೆ ಬಸ್ಸುಗಳು ಹಳ್ಳಕ್ಕೆ ಇಳಿಯುತ್ತಿದ್ದವು, ಅವಳದ್ದು ಒಂದು ಸಲವೂ ಇಳಿಯಲಿಲ್ಲ. ಆಮೇಲೆ ಅತ್ತೆ ಇರ್ಮಾಳ ಮೂತ್ರಪಿಂಡಗಳು ಕೈಕೊಟ್ಟವು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಅದಕ್ಕೆ ಪಶ್ಚಿಮದ ದೊಡ್ಡ ಊರಿಗೇ ಹೋಗಬೇಕು, ನೂರು ಮೈಲಿಗೂ ಹೆಚ್ಚು ದಾರಿ. ಮನೆಯಲ್ಲಿ ಯಾರು ಕರೆದುಕೊಂಡು ಹೋಗಬೇಕು ಎಂಬ ಚರ್ಚೆಯೇ ನಡೆಯಲಿಲ್ಲ. ನೆಡ್ರಾ ಬಸ್ಸಿನ ಕೀಲಿಯನ್ನು ಶಾಲೆಗೆ ಒಪ್ಪಿಸಿ ಬಂದಳು.

ಅಲ್ಲಿಂದ ಮುಂದೆ ಲೈಲ್‌ನ ಪಿಕಪ್ಪು ವಾರವೆಲ್ಲ ಅವಳ ಕೈಯಲ್ಲೇ. ಬೆಳಿಗ್ಗೆ ಇರ್ಮಾ ಕೂರುವ ಮೊದಲು ಸೀಟು ಬೆಚ್ಚಗಾಗಬೇಕು, ಅದಕ್ಕೆ ಎಂಜಿನ್ ಅಂಗಳದಲ್ಲಿ ಬಹಳ ಹೊತ್ತು ಸುಮ್ಮನೆ ಉರಿಯುತ್ತದೆ. ಹೋಗುವಾಗ ಎದುರುಗಾಳಿ. ಮಧ್ಯೆ ಮಧ್ಯೆ ನಿಲ್ಲಿಸಬೇಕು, ಮುದುಕಿಗೆ ವಾಂತಿ ಬರುತ್ತದೆ. ಯಂತ್ರದಿಂದ ಎದ್ದ ಮೇಲೆ ಇರ್ಮಾ ಚಳಿಗೆ ಗಡಗಡ ನಡುಗುತ್ತಾಳೆ, ಮತ್ತೆ ಎಂಜಿನ್ ಉರಿಯಬೇಕು. ಅವಳು ಯಂತ್ರಕ್ಕೆ ಅಂಟಿಕೊಂಡಿರುವ ಹೊತ್ತಿನಲ್ಲಿ ದನದ ಹಿಂಡಿ, ಉಪ್ಪಿನ ಗಟ್ಟಿ, ಔಷಧಿ, ಅಕ್ಕಪಕ್ಕದ ಮೂರು ಮನೆಯವರು ಹೇಳಿದ ಸಾಮಾನು. ಮಂಗಳವಾರ ಗುರುವಾರ ನೀರಿನ ಟ್ಯಾಂಕು ಹೇರಿಕೊಂಡು ಹೊಲದ ಕಲ್ಲುದಾರಿಯಲ್ಲಿ ಆಮೆಯ ನಡಿಗೆ. ಹೀಗೆ ದುಡಿದ ಗಾಡಿ ಗ್ಯಾಲನ್ನಿಗೆ ಹದಿಮೂರು ಮೈಲಿ ಕೊಡುತ್ತಿತ್ತು. ಶನಿವಾರ ಲೈಲ್ ಅದೇ ಗಾಡಿಯನ್ನು ತೊಳೆದು, ಹಿಂದಿನ ತೊಟ್ಟಿ ಖಾಲಿ ಮಾಡಿಸಿ, ದಿಬ್ಬ ಹತ್ತಿ ಇಳಿದರೆ ಇಪ್ಪತ್ತು ಕೊಡುತ್ತಿತ್ತು. ತೊಟ್ಟಿ ಖಾಲಿ ಮಾಡುತ್ತಿದ್ದವಳೂ ನೆಡ್ರಾಳೇ.

ಜನವರಿಯ ಒಂದು ಗುರುವಾರ ಎಡವಟ್ಟಾಯಿತು. ಹಿಂದಿನ ದಿನ ಹಿಮಗಾಳಿಗೆ ಹೆದ್ದಾರಿಯ ಗೇಟು ಇಳಿಸಿದ್ದರು. ಇರ್ಮಾಳ ಬುಧವಾರದ ಡಯಾಲಿಸಿಸ್ ತಪ್ಪಿತ್ತು. ರಸ್ತೆ ಇನ್ನೂ ತೆರೆದಿರಲಿಲ್ಲವಾದ್ದರಿಂದ ಕೆಲಸವಿಲ್ಲದ ಗಂಡಸರೆಲ್ಲ ವಾರದ ನಡುವೆಯೇ ಕಟ್ಟೆಗೆ ಬಂದು ಕೂತಿದ್ದರು. ಓರಿನ್ ಬೇಸರ ಕಳೆಯಲು ಎದ್ದು ಹೊರಗೆ ಹೋದ. ಲೈಲ್ ಗುಂಡಿ ಒತ್ತಿರಲಿಲ್ಲ.

"ಹದಿಮೂರು!" ಓರಿನ್ ಬಾಗಿಲಲ್ಲೇ ನಿಂತು ಕೂಗಿದ. "ಲೈಲ್, ಏನಯ್ಯಾ ಇದು? ಗಾಡಿನಾ, ಸಾರಾಯಿ ಕುಡುಕನಾ?"

"ನಾನ್ ಓಡ್ಸೋದಲ್ಲ ಅದು. ವಾರ ಎಲ್ಲಾ ನೆಡ್ರಾ ಓಡಿಸ್ತಾಳೆ."

"ಹೆಂಡತಿ ಕಾಲಿಗೆ ಸೀಸ ಕಟ್ಕೊಂಡಿದಾಳೇನೋ!"

"ಬಸ್ಸು ಓಡಿಸಿದ ಕಾಲು ಕಣಯ್ಯಾ. ಮೆತ್ತಗೆ ಒತ್ತೋದು ಅದಕ್ಕೆಲ್ಲಿ ಗೊತ್ತು?" ಎಂದ ಇನ್ನೊಬ್ಬ.

ಲೈಲ್ ಕಿವಿಯವರೆಗೂ ಕೆಂಪಾದ. "ನಾಳೆ ಅಮ್ಮನ್ನ ನಾನೇ ಕರ್ಕೊಂಡ್ ಹೋಗ್ತೀನಿ. ಬಂದ್ಮೇಲೆ ನೋಡಿ, ಗಾಡಿದು ತಪ್ಪಾ, ಓಡಿಸೋರ್ದು ತಪ್ಪಾ ಅಂತ."

"ಬುಧವಾರ ತಪ್ಪಿದೆಯಲ್ಲ, ಇರ್ಮಾ ಹೇಗಿದ್ದಾಳೆ?" ಎಂದು ಕೇಳಿದೆ.

"ಇದ್ದಾಳೆ. ಡಾಟಿ, ಇನ್ನೊಂಚೂರು ಕಾಫಿ ಹಾಕು."

ಇರ್ಮಾ ಹೇಗಿದ್ದಳು ಎಂಬುದು ನನಗೆ ನೆಡ್ರಾಳಿಂದ ಗೊತ್ತಾಯಿತು. ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಮಲಗಿದರೆ ಎದೆಯೊಳಗೆ ನೀರು ಏರಿದಂತಾಗಿ ಉಸಿರು ಕಟ್ಟುತ್ತಿತ್ತು. ಕುರ್ಚಿಯಲ್ಲೇ ಕೂತು ತೂಕಡಿಸುತ್ತಿದ್ದಳು. ಮುಖ ಊದಿ ಕಣ್ಣು ಸಣ್ಣದಾಗಿತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ ಅಲ್ಲಿಯ ನರ್ಸು ಮರಿಸೆಲಾ, "ಶುಕ್ರವಾರ ತಪ್ಪಿಸಲೇಬೇಡಿ, ಮಧ್ಯಾಹ್ನಕ್ಕೆ ಮೊದಲು ಕುರ್ಚಿ ಮೇಲಿರ್ಬೇಕು. ಆಮೇಲಿನ ಹೊತ್ತು ಬೇರೆಯವರದ್ದು" ಎಂದಿದ್ದಳು.

ಶುಕ್ರವಾರ ಗೇಟು ಎತ್ತಿದರು. ಗಾಳಿ ಇನ್ನೂ ಇತ್ತು. ನೆಡ್ರಾ ಕಂಬಳಿ, ವಾಂತಿಯ ಡಬ್ಬಿ, ಬದಲಿ ಬಟ್ಟೆ, ಉಪ್ಪಿಲ್ಲದ ಬಿಸ್ಕತ್ತು ತುಂಬಿಕೊಂಡು ಅತ್ತೆಯನ್ನು ತೋಳಿನಲ್ಲಿ ಆನಿಸಿಕೊಂಡು ಅಂಗಳಕ್ಕೆ ಬಂದರೆ, ಪಿಕಪ್ಪಿನ ಹಿಂದೆ ದನ ಸಾಗಿಸುವ ಎತ್ತರದ ಟ್ರೇಲರ್ ಸಿಕ್ಕಿಸಿಯಾಗಿತ್ತು.

"ಇದ್ಯಾಕೆ?"

"ಹೇಗೂ ಹೋಗ್ತಾ ಇದೀವಲ್ಲ, ಆ ಕಡೆಯಿಂದ ಕುದುರೆ ತರೋಣ ಅಂತ. ಮಾತಾಡಿಟ್ಟು ಒಂದು ತಿಂಗಳಾಯ್ತು."

"ಖಾಲಿ ಟ್ರೇಲರು, ಈ ಗಾಳೀಲಿ? ಮೈಲೇಜ್ ತೋರಿಸ್ತೀನಿ ಅಂತ ಹೊರಟೋನು ನೀನು."

"ಖಾಲಿ ಅಲ್ವಾ, ಏನ್ ಮಹಾ ಎಳೀಬೇಕು ಅದು. ನನ್ ಕೈಲಿ ಟ್ರೇಲರ್ ಎಳ್ಕೊಂಡೂ ನಿನಗಿಂತ ಜಾಸ್ತಿ ಬರುತ್ತೆ ನೋಡು."

ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಗೊತ್ತು: ಟ್ರೇಲರಿನ ಭಾರ ದೊಡ್ಡ ಮಾತಲ್ಲ, ಅದರ ಎದೆ ದೊಡ್ಡದು. ಎದುರುಗಾಳಿಯಲ್ಲಿ ಅದನ್ನು ಎಳೆಯುವುದೆಂದರೆ ಕೊಟ್ಟಿಗೆಯ ಬಾಗಿಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಓಡಿದ ಹಾಗೆ.

"ಸರಿ, ಪೆಟ್ರೋಲ್ ತುಂಬಿಸ್ಕೊಂಡು ಹೋಗೋಣ. ನಾನು ಯಾವಾಗಲೂ ಇಲ್ಲೇ ತುಂಬಿಸೋದು."

"ಅದಕ್ಕೇ ನಿನಗೆ ಹದಿಮೂರು. ತುಂಬಿದ ಟ್ಯಾಂಕ್ ಅಂದ್ರೆ ಸುಮ್ನೆ ಭಾರ. ಅಲ್ಲಿ ಹೋಗಿ ತುಂಬಿಸಿದ್ರಾಯ್ತು. ಇಲ್ನೋಡು," ಎಂದು ಪರದೆ ತೋರಿಸಿದ. ಇರುವ ಪೆಟ್ರೋಲಿನಲ್ಲಿ ಇನ್ನೂ ನೂರ ಅರವತ್ತು ಮೈಲಿ ಹೋಗಬಹುದು ಎಂದು ಅದು ಹೇಳುತ್ತಿತ್ತು. ಹಿಂದಿನ ಸಂಜೆ ಅವನು ಬರಿಗಾಡಿಯನ್ನು ಗೇಟಿನ ಈಚೆಗಿರುವ ದಿಬ್ಬಕ್ಕೆ ಹತ್ತಿಸಿ, ಸೊನ್ನೆ ಮಾಡಿ, ಗಾಳಿಯ ಜೊತೆ ಇಳಿದು ಬಂದಿದ್ದ. ಪಾಪದ ಯಂತ್ರ, ನಿನ್ನೆಯ ಇಳಿಜಾರನ್ನೇ ನೆನಪಿಟ್ಟುಕೊಂಡು ಇವತ್ತಿನ ಮಾತು ಕೊಟ್ಟಿತ್ತು.

"ಎಳೆಯೋ ಟ್ರೇಲರು ಭಾರ ಅಲ್ಲ, ಟ್ಯಾಂಕಲ್ಲಿರೋ ಪೆಟ್ರೋಲ್ ಭಾರ. ಚೆನ್ನಾಗಿದೆ" ಎಂದಳು ನೆಡ್ರಾ.

"ಇಬ್ರೂ ಬಾಯ್ ಮುಚ್ಚಿ," ಎಂದಳು ಇರ್ಮಾ. ಅಷ್ಟು ಹೇಳುವುದಕ್ಕೆ ನಡುವೆ ಒಂದು ಸಲ ಉಸಿರೆಳೆದುಕೊಂಡಳು. ಹೊತ್ತು ಹೋಗುತ್ತಿತ್ತು. ನೆಡ್ರಾ ಅತ್ತೆಯನ್ನು ಮುಂದಿನ ಸೀಟಿಗೆ ಹತ್ತಿಸಿ, ಕಂಬಳಿ ಸುತ್ತಿ, ತಾನು ಹಿಂದೆ ಹತ್ತಿದಳು. ಲೈಲ್ ಓಡಿಸುತ್ತಾನೆಂದರೆ ಗಾಡಿ ಓಡಿಸುತ್ತಾನೆ ಅಷ್ಟೇ. ಉಳಿದದ್ದಕ್ಕೆ ಅವಳು ಬರಲೇಬೇಕಿತ್ತು.

ದಿಬ್ಬ ದಾಟಿದ ಕೂಡಲೇ ಗಾಳಿ ಎದುರಿಗೆ ಬಂದು ಗುದ್ದಿತು. ಗೇರು ತಾನಾಗಿಯೇ ಕೆಳಗಿಳಿದು ಎಂಜಿನ್ ಅರಚತೊಡಗಿತು. ನೆಡ್ರಾ ಗಂಡನ ಹೆಗಲ ಮೇಲಿಂದ ಪರದೆಯನ್ನೇ ನೋಡುತ್ತಿದ್ದಳು. ಗಾಡಿ ಒಂದು ಮೈಲಿ ಹೋದರೆ ಅಂಕಿ ಮೂರು ಮೈಲಿ ಇಳಿಯುತ್ತಿತ್ತು. ನೂರ ಅರವತ್ತು ಇದ್ದದ್ದು ನೋಡನೋಡುತ್ತಾ ನೂರ ಮೂವತ್ತಾಯಿತು. ಲೈಲ್ ವೇಗ ಇಳಿಸಿದ. ಹಿಂದಿನಿಂದ ದೊಡ್ಡ ಲಾರಿಗಳು ಹಾರ್ನ್ ಹೊಡೆದು ದಾಟಿಹೋದವು. ಅವನು ಹೀಟರನ್ನೂ ಕಡಿಮೆ ಮಾಡಿದ.

"ಅದನ್ನ ಮುಟ್ಟಬೇಡ," ಎಂದಳು ನೆಡ್ರಾ. "ಆ ಶಾಖ ಎಂಜಿನ್ದು, ಬಿಟ್ಟಿ. ಆರಿಸಿದ್ರೆ ನಿನಗೇನೂ ಉಳಿಯಲ್ಲ, ಅವರಿಗೆ ಚಳಿ ಹಿಡಿಯುತ್ತೆ."

ಅವನು ಮತ್ತೆ ಹೆಚ್ಚಿಸಿದ.

ಆ ದಾರಿಯ ಅರ್ಧದಲ್ಲಿ ಒಂದು ಪೆಟ್ರೋಲ್ ಬಂಕಿತ್ತು. ಗಂಡನ ಹೆಸರು ಬೋರ್ಡಿನ ಮೇಲೆ, ಕೆಲಸ ಹೆಂಡತಿಯದು. ಅವಳು ಸತ್ತ ಎರಡೇ ತಿಂಗಳಿಗೆ ಅದು ಮುಚ್ಚಿತು. ಅದರ ಹರಿದ ಬೋರ್ಡು ಗಾಳಿಗೆ ಬಡಿದುಕೊಳ್ಳುತ್ತಿದ್ದುದನ್ನು ಮೂವರೂ ನೋಡಿದರು. ಮುಂದೆ ದೊಡ್ಡ ಊರಿನ ಅಂಚಿನವರೆಗೆ ಮನೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಆಸ್ಪತ್ರೆಗೆ ಅಲ್ಲಿಂದ ಇನ್ನೂ ಐವತ್ತು ಮೈಲಿಯ ಹತ್ತಿರ ದಾರಿ ಇತ್ತು. ಪರದೆ ಮೂವತ್ತೆಂಟು ಎನ್ನುತ್ತಿತ್ತು.

"ಪಕ್ಕಕ್ಕೆ ನಿಲ್ಸು," ಎಂದಳು ನೆಡ್ರಾ. "ಟ್ರೇಲರ್ ಬಿಚ್ಚಿಟ್ಟು ಹೋಗೋಣ."

"ಮುಂದಿನ ಏರು ದಾಟಿದ್ರೆ ಗಾಳಿ ಕಮ್ಮಿ ಆಗುತ್ತೆ."

"ವಾರಕ್ಕೆ ಮೂರು ಸಲ ಬರ್ತೀನಿ ಲೈಲ್. ಈ ರಸ್ತೇಲಿ ಎಲ್ಲೂ ಕಮ್ಮಿ ಆಗಲ್ಲ."

"ಬಿಚ್ಚಿಟ್ರೆ ಗಾಳಿ ಅದನ್ನ ಎತ್ತಿ ರಸ್ತೆಗೆ ಎಸೆಯುತ್ತೆ. ಯಾರಿಗಾದ್ರೂ ಬಡಿದ್ರೆ?"

"ನಡು ದಾರೀಲಿ ಪೆಟ್ರೋಲ್ ಮುಗಿದ್ರೆ?"

"ಮುಗಿಯಲ್ಲ! ಆ ಅಂಕಿ ಯಾವಾಗ್ಲೂ ಸ್ವಲ್ಪ ಕೈಯಲ್ಲಿಟ್ಕೊಂಡೇ ಹೇಳೋದು. ಸೊನ್ನೆ ಬಂದ್ಮೇಲೂ ಓಡುತ್ತೆ, ಎಲ್ರಿಗೂ ಗೊತ್ತು."

"ಬೆಳಿಗ್ಗೆ ನೂರ ಅರವತ್ತು ಅಂದಾಗ ಎಷ್ಟು ಕೈಯಲ್ಲಿಟ್ಕೊಂಡಿತ್ತು?"

ಇರ್ಮಾ ಸೀಟಿನಲ್ಲಿ ಮುಂದಕ್ಕೆ ಬಾಗಿದ್ದಳು, ಡ್ಯಾಷ್‌ಬೋರ್ಡಿನ ಮೇಲೆ ಎರಡೂ ಅಂಗೈ ಊರಿದ್ದಳು. ತುಟಿಯ ಬಣ್ಣ ಬೇರೆಯಾಗಿತ್ತು. ಅವಳು ಮಗನ ಕಡೆ ತಿರುಗಲೂ ಇಲ್ಲ.

"ನಿಲ್ಸೋ," ಎಂದಳು. ಉಸಿರೆಳೆದುಕೊಂಡು, "ಲೈಲ್," ಎಂದಳು. ಮತ್ತೆ ಉಸಿರು. "ನಾನು ಸಾಯ್ತಾ ಇದೀನಿ ಕಣೋ."

ಇರ್ಮಾ ಹಾಗೆಲ್ಲ ಹೇಳುವ ಹೆಂಗಸಲ್ಲ. ಸೊಸೆಯ ಪರವಾಗಿ ಮಗನಿಗೆ ಒಂದು ಮಾತು ಆಡಿದವಳೂ ಅಲ್ಲ. ಲೈಲ್ ಗಾಡಿಯನ್ನು ಬದಿಯ ತಂಗುಜಾಗಕ್ಕೆ ತಿರುಗಿಸಿದ.

ನೆಡ್ರಾ ಇಳಿದಳು. ಬಾಗಿಲನ್ನು ಗಾಳಿ ಕಿತ್ತುಕೊಳ್ಳದಂತೆ ಮೈಯೆಲ್ಲ ಕೊಟ್ಟು ಮುಚ್ಚಿದಳು. ಟ್ರೇಲರಿನ ಮೂತಿ ಗಾಳಿಗೆ ನೇರವಾಗುವಂತೆ ಗಂಡನಿಂದ ಗಾಡಿಯನ್ನು ಹಿಂದೆ ಮುಂದೆ ಮಾಡಿಸಿದಳು. ಚಕ್ರಗಳಿಗೆ ಕಲ್ಲು ಒತ್ತರಿಸಿದಳು, ದೀಪದ ವೈರು ಕಿತ್ತಳು, ಸರಪಳಿ ಬಿಚ್ಚಿದಳು, ಹಿಡಿ ತಿರುವಿ ಮೂತಿಯನ್ನು ಮೇಲೆತ್ತಿದಳು. ಮಾಡಿ ರೂಢಿಯಿದ್ದ ಕೆಲಸ. ಕೈಗವಸು ತೆಗೆಯದೆ ಕೊಕ್ಕೆ ಬರಲಿಲ್ಲ, ತೆಗೆದ ಕೂಡಲೇ ಕಬ್ಬಿಣಕ್ಕೆ ಬೆರಳ ಚರ್ಮ ಅಂಟಿಕೊಂಡಿತು.

ಲೈಲ್ ಇಳಿದು ಬಂದು ಟ್ರೇಲರಿನ ಮೈಗೆ ಅಂಗೈ ಒತ್ತಿ ನಿಂತ. ಅದು ಅಲುಗಾಡುತ್ತಿತ್ತು. "ಇದನ್ನ ಹೀಗೇ ಬಿಟ್ಟು ಹೋಗಕ್ಕಾಗಲ್ಲ ನೆಡ್ರಾ. ಖಂಡಿತ ಉರುಳುತ್ತೆ."

"ಹಾಗಾದ್ರೆ ನೀನಿರು."

"ಏನು?"

"ನೀನಿದ್ದು ಹಿಡ್ಕೋ. ಆಮೇಲೆ ಯಾರನ್ನಾದ್ರೂ ಕಳಿಸ್ತೀನಿ." ಅವನಿಗೆ ಒಂದು ಕಂಬಳಿ ಎಸೆದಳು. ಚಾಲಕನ ಸೀಟಿಗೆ ಹತ್ತಿ, ಅದನ್ನು ತನ್ನ ಕಾಲಿಗೆ ತಕ್ಕಂತೆ ಮುಂದಕ್ಕೆಳೆದುಕೊಂಡು ಹೊರಟಳು. ಕನ್ನಡಿಯಲ್ಲಿ ಅವನು ಟೋಪಿಯನ್ನು ಎರಡೂ ಕೈಯಲ್ಲಿ ತಲೆಗೆ ಒತ್ತಿಕೊಂಡು ನಿಂತದ್ದು ಕಾಣಿಸಿತಂತೆ. "ಮರುಕ ಬಂತಾ?" ಎಂದು ಆಮೇಲೆ ಕೇಳಿದೆ. "ಪರದೆ ನೋಡ್ತಾ ಇದ್ದೆ," ಎಂದಳು.

ಟ್ರೇಲರ್ ಇಲ್ಲದ ಗಾಡಿಯನ್ನು ಅವಳು ಶಾಲೆಯ ಬಸ್ಸಿನಂತೆ ಓಡಿಸಿದಳು. ಪೆಡಲಿನ ಮೇಲೆ ಒಂದೇ ಒತ್ತಡ, ಏರಿನಲ್ಲಿ ನಿಧಾನ, ಇಳಿಜಾರಿನಲ್ಲಿ ಬಿಟ್ಟುಬಿಡುವುದು. ಅಂಕಿ ಇಳಿಯುವುದು ನಿಧಾನವಾಯಿತು, ಆದರೂ ಇಳಿಯುತ್ತಲೇ ಇತ್ತು. ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈ ಅತ್ತೆಯ ಬೆನ್ನಿನ ಮೇಲೆ. ಬೆನ್ನು ಏರಿಳಿಯುತ್ತಿದೆಯೇ ಇಲ್ಲವೇ ಎಂಬುದು ಅಂಗೈಗೆ ಗೊತ್ತಾಗುತ್ತಿತ್ತು. "ಇರ್ಮಾ, ಮಾತಾಡ್ತಾ ಇರಿ. ಏನಾದ್ರೂ ಬೈಯಿರಿ ನನ್ನ." ಇರ್ಮಾ ಬೈಯಲಿಲ್ಲ. ಊರಿನ ನೀರಿನ ಟ್ಯಾಂಕು ಕಾಣುವ ಹೊತ್ತಿಗೆ ಪರದೆಯಲ್ಲಿ ಅಂಕಿಯೇ ಇರಲಿಲ್ಲ, ಬರೀ ಒಂದು ಅಡ್ಡಗೆರೆ ಇತ್ತು. ಆಸ್ಪತ್ರೆಯ ಅಂಗಳಕ್ಕೆ ತಿರುಗಿಸುವಾಗ ಎಂಜಿನ್ ಒಮ್ಮೆ ಕೆಮ್ಮಿತು.

ಮಧ್ಯಾಹ್ನ ಕಳೆದಿತ್ತು. ಇರ್ಮಾಳ ಕುರ್ಚಿಯಲ್ಲಿ ಕೂರಬೇಕಾದ ಮುಂದಿನ ರೋಗಿ ಕೋಟು ಬಿಚ್ಚಿ ಕಾಯುತ್ತಿದ್ದ. ಮರಿಸೆಲಾ ಇರ್ಮಾಳ ಮುಖ ನೋಡಿದಳು, ಆ ಮನುಷ್ಯನ ಹತ್ತಿರ ಹೋಗಿ ಏನೋ ಹೇಳಿದಳು, ಅವನು ಮತ್ತೆ ಕೋಟು ಹಾಕಿಕೊಂಡು ಕೂತ. "ಎರಡು ಗಂಟೆ ಕೊಡಬಹುದು, ಅಷ್ಟೇ. ಪೂರ್ತಿ ನೀರು ತೆಗೆಯಕ್ಕಾಗಲ್ಲ. ನಾಳೆ ಬೆಳಿಗ್ಗೆ ಮೊದಲ ಕುರ್ಚಿ ನಿಮ್ಗೇ. ವಾಪಸ್ ಊರಿಗೆ ಮಾತ್ರ ಕರ್ಕೊಂಡ್ ಹೋಗ್ಬೇಡಿ."

ನೆಡ್ರಾ ಹೆದ್ದಾರಿಯವರಿಗೆ ಫೋನ್ ಮಾಡಿ ಲೈಲ್ ಇರುವ ಜಾಗ ಹೇಳಿದಳು. ಹಿಮ ಗುಡಿಸುವ ಲಾರಿಯವನು ಅವನನ್ನು ಹತ್ತಿಸಿಕೊಂಡನಂತೆ. ಸಿಗ್ನಲ್ ಸಿಕ್ಕ ಕೂಡಲೇ ಲೈಲ್‌ನ ಫೋನ್ ಬಂತು.

"ಮುಟ್ಟಿದ್ರಾ?"

"ಮುಟ್ಟಿದ್ವಿ, ಅಂಕಿ ಮುಗಿದ್ಮೇಲೂ ಓಡಿಸ್ಕೊಂಡು."

"ಟ್ರೇಲರ್ ಬಿಟ್ಮೇಲೆ ಎಷ್ಟು ಕೊಡ್ತು?"

ನೆಡ್ರಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಗೋಡೆಗೆ ಒರಗಿಕೊಂಡಳು. "ನಿಮ್ಮಮ್ಮ ಬದುಕಿದಾರೆ," ಎಂದಳು.

"ಹಾ, ಅದೇ, ಮುಟ್ಟಿದ್ವಿ ಅಂದ್ಯಲ್ಲ. ಸಂಜೆಗೆ ಬರ್ತೀರಾ? ಊಟಕ್ಕೆ ಏನಾದ್ರೂ ಮಾಡಿಟ್ಟಿದ್ಯಾ?"

"ಇಲ್ಲ."

"ಯಾವುದಕ್ಕೆ ಇಲ್ಲ?"

"ಎರಡಕ್ಕೂ."

ಶನಿವಾರ ಇರ್ಮಾಳಿಗೆ ಉಳಿದ ಡಯಾಲಿಸಿಸ್ ನಡೆಯುತ್ತಿದ್ದ ಹೊತ್ತಿಗೆ ನಾನು ಇಲ್ಲಿ ಕಟ್ಟೆಯ ಮೇಲೆ ಮೊಟ್ಟೆ ಬಡಿಸುತ್ತಿದ್ದೆ. ಲೈಲ್ ಓರಿನ್‌ನ ಗಾಡಿಯಲ್ಲಿ ಬಂದಿದ್ದ. "ಸೊನ್ನೆ ತೋರಿಸಿದ ಮೇಲೂ ಓಡಿತು ಕಣ್ರಯ್ಯಾ!" ಎನ್ನುತ್ತಿದ್ದ. "ಎಂಥಾ ಗಾಡಿ ಅಂತೀರಿ!" ಗಂಡಸರು ತಲೆದೂಗಿದರು. ಆ ಮೈಲಿಗಳನ್ನು ಓಡಿಸಿದ್ದು ಯಾರು ಎಂದು ನಾನು ಕೇಳಿದೆ. "ಓಡಿಸೋದು ಏನಿದೆ ಡಾಟಿ, ಗಾಡಿ ಒಳ್ಳೇದಿರ್ಬೇಕು" ಎಂದ. ಅವನ ತಟ್ಟೆಯಲ್ಲಿದ್ದ ಅರ್ಧ ಮೊಟ್ಟೆಯನ್ನು ತಟ್ಟೆಯ ಸಮೇತ ಎತ್ತಿಕೊಂಡು ಒಳಗೆ ಹೋದೆ. ಮುಗಿದಿಲ್ಲ, ಮುಗಿದಿಲ್ಲ ಎಂದು ಕೂಗುತ್ತಿದ್ದ.

ಇರ್ಮಾಳ ಹೃದಯಕ್ಕೆ ಪೆಟ್ಟಾಗಿತ್ತು. ಇನ್ನೊಂದು ಸಲ ಹೀಗೆ ತಪ್ಪಿದರೆ ತಡೆಯುವುದಿಲ್ಲ, ಚಳಿಗಾಲ ಕಳೆಯುವವರೆಗಾದರೂ ಆಸ್ಪತ್ರೆಯ ಹತ್ತಿರವೇ ಇರಲಿ ಎಂದರು ಡಾಕ್ಟರು. ಜೊತೆಗೆ ಯಾರು ಇರಬೇಕು ಎಂಬ ಚರ್ಚೆ ಈ ಸಲವೂ ನಡೆಯಲಿಲ್ಲ. ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಈಗ ಅತ್ತೆ ಸೊಸೆ ಇದ್ದಾರೆ. ಬಾಡಿಗೆಗೆ ಬದಲಾಗಿ ನೆಡ್ರಾ ಅಂಗಡಿಯ ಯಂತ್ರಗಳನ್ನು ನೋಡಿಕೊಳ್ಳುತ್ತಾಳೆ, ಬೇರೆಯವರ ಹಾಸಿಗೆ ಬಟ್ಟೆ ಮಡಿಸುತ್ತಾಳೆ. ನಾನು ಒಂದು ಭಾನುವಾರ ಹೋಗಿದ್ದೆ. ಇರ್ಮಾ ಕೂತಲ್ಲಿಂದಲೇ ಕಾಲುಚೀಲಗಳ ಜೋಡಿ ಹುಡುಕಿ ಹುಡುಕಿ ಸೊಸೆಯ ಕೈಗೆ ಕೊಡುತ್ತಿದ್ದಳು.

"ಊರಿಗೆ ಯಾವಾಗ?" ಎಂದೆ.

ನೆಡ್ರಾ ಹೊದಿಕೆಯೊಂದರ ಎರಡು ತುದಿ ನನ್ನ ಕೈಗಿತ್ತು, ತಾನು ಎರಡು ಹಿಡಿದು ಎಳೆದಳು. "ಇಲ್ಲಿಂದ ಆಸ್ಪತ್ರೆಗೆ ನಡ್ಕೊಂಡೇ ಹೋಗ್ತೀವಿ ಡಾಟಿ. ಗಾಳಿ ಇದ್ರೆ ಗೋಡೆ ಪಕ್ಕ ಹೋಗ್ತೀವಿ." ಬೆರಳಿನ ಚರ್ಮ ಇನ್ನೂ ಪೂರ್ತಿ ಬಂದಿರಲಿಲ್ಲ.

ಲೈಲ್ ಹೋಗಿ ವಾಪಸ್ ತಂದ ಪಿಕಪ್ಪು ಈಗ ಅವನ ಅಂಗಳದಲ್ಲಿ ವಾರವೆಲ್ಲ ಸುಮ್ಮನೆ ನಿಂತಿರುತ್ತದೆ. ನೀರು ಹೇರಲು, ಹಿಂಡಿ ತರಲು ಸಂಬಳಕ್ಕೆ ಒಬ್ಬನನ್ನು ಇಟ್ಟುಕೊಂಡಿದ್ದಾನೆ, ಅವನು ತನ್ನದೇ ಗಾಡಿ ತರುತ್ತಾನೆ. ಲೈಲ್ ಮೂರು ಹೊತ್ತೂ ಇಲ್ಲಿಗೆ ಬರುತ್ತಾನೆ. ಸಾರು ಹೇಗಿರಬೇಕು, ಆಲೂಗಡ್ಡೆ ಎಷ್ಟು ಬೆಂದಿರಬೇಕು, ನೆಡ್ರಾ ಹೇಗೆ ಮಾಡುತ್ತಿದ್ದಳು ಎಂದು ನನಗೆ ಹೇಳುತ್ತಾನೆ. ಮೊನ್ನೆ ಅಂಗಿಯ ಗುಂಡಿಯೊಂದನ್ನು ಕಟ್ಟೆಯ ಮೇಲಿಟ್ಟು, "ಡಾಟಿ, ಹೇಗೂ ಕೂತಿದೀಯಲ್ಲ, ಇದೊಂದು ಹಾಕ್ಕೊಡು" ಎಂದ. ನಾನು ಗುಂಡಿಯನ್ನು ನೋಡಿದೆ, ಅವನನ್ನು ನೋಡಿದೆ. ಅಡುಗೆಮನೆಯ ಡಬ್ಬಿಯಿಂದ ಸೂಜಿದಾರ ತಂದು ಅವನ ಮುಂದೆ ಇಟ್ಟು, ಬೇರೆಯವರಿಗೆ ಕಾಫಿ ಹಾಕಲು ಹೋದೆ. ತಿರುಗಿ ಬಂದಾಗ ಸೂಜಿ ಇಟ್ಟಲ್ಲೇ ಇತ್ತು. ಅವನು ಅಂಗಿಯ ತೆರೆದ ಜಾಗವನ್ನು ಕೈಯಿಂದ ಮುಚ್ಚಿಕೊಂಡು ಊಟಕ್ಕೆ ಕಾಯುತ್ತಿದ್ದ.